ಹಿಂದಿನ ತಿರುವನ್ನು ಮರೆಯದ ಕಾರು: ಒಂದು ಸ್ಟೇರಿಂಗ್ ಪ್ರಕರಣ

ಜಾಬ್ ಕಾರ್ಡಿನಲ್ಲಿ ದೂರು ಬರೆಯುವ ಜಾಗದಲ್ಲಿ ನಮ್ಮ ಹುಡುಗ ಕನ್ನಡದಲ್ಲೇ ‘ಪುಲ್ಲಿಂಗ್’, ಅಂದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಎಂದು ಗೀಚಿದ್ದ. ಗಾಡಿ ತಂದವರು ಮೂಡಿಗೆರೆ ಕಡೆಯ ಒಂದು ಪ್ರೌಢಶಾಲೆಯ ಕನ್ನಡ ಟೀಚರ್. ಸಹಿ ಹಾಕುವ ಮುಂಚೆ ಅದನ್ನು ಓದಿ ನಕ್ಕರು. “ಕಾರು ನಪುಂಸಕಲಿಂಗ ಅಲ್ವೇನಪ್ಪಾ?” ಎಂದರು. ಹುಡುಗನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು, ನಕ್ಕೂ ನಕ್ಕೆ. ಆದರೆ ಅವರ ಕಾರು ನಾಲ್ಕು ತಿಂಗಳಿಂದ ಊರೂರು ಅಲೆಯಲು ಆ ಒಂದು ಪದವೇ ಕಾರಣ ಎಂದು ಹೊಳೆಯುವುದಕ್ಕೆ ನನಗೆ ಇನ್ನೂ ಒಂದು ದಿನ ಮತ್ತು ಒಂದು ತಪ್ಪು ಬೇಕಾಯಿತು.

ಗಾಡಿ 2014ರ ಮಾದರಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 86,000 ಕಿಲೋಮೀಟರ್. ಎಂಜಿನ್ನಿನ ಶಕ್ತಿ ಮುಂದಿನ ಚಕ್ರಕ್ಕೆ, ಪವರ್ ಸ್ಟೇರಿಂಗ್ ಎಲೆಕ್ಟ್ರಿಕ್, ಅದರ ಮೋಟಾರು ಡ್ಯಾಶ್‌ಬೋರ್ಡಿನ ಒಳಗೆ ಸ್ಟೇರಿಂಗ್ ಕಾಲಮ್ಮಿಗೇ, ಅಂದರೆ ಸ್ಟೇರಿಂಗ್ ಚಕ್ರದ ಕೆಳಗಿನ ಕಂಬಕ್ಕೇ, ಕೂತಿರುವ ಬಗೆ. ಟೀಚರ್ ದಿನಾ ತೋಟದ ದಾರಿಯಲ್ಲಿ ಶಾಲೆಗೆ ಹೋಗಿ ಬರುತ್ತಾರೆ, ತಿಂಗಳಿಗೆ ಎರಡು ಸಲ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ತವರಿಗೆ ಹೋಗುತ್ತಾರೆ. ತಿರುವಿಲ್ಲದ ರಸ್ತೆ ಅವರಿಗೆ ಸಿಗುವುದೇ ಅಪರೂಪ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಸನದ ನಮ್ಮ ಗ್ಯಾರೇಜು ಅವರಿಗೆ ನಾಲ್ಕನೆಯದು. ಹಳೆಯ ಬಿಲ್ಲುಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿ ತಂದಿದ್ದರು. ಮೇ ತಿಂಗಳಲ್ಲಿ ಎಣ್ಣೆ ಸೋರುತ್ತಿದ್ದ ಮುಂದಿನ ಎರಡು ಶಾಕ್ ಅಬ್ಸಾರ್ಬರ್ ಬದಲಾವಣೆ. ಅಕ್ಟೋಬರಿನಲ್ಲಿ ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ನವೆಂಬರಿನಲ್ಲಿ ಮತ್ತೆ ಅಲೈನ್‌ಮೆಂಟ್, ಜೊತೆಗೆ ಎಡಗಡೆ ಟೈ ರಾಡ್ ಎಂಡ್ (ಚಕ್ರವನ್ನು ಎಳೆದು ತಳ್ಳಿ ತಿರುಗಿಸುವ ಸರಳಿನ ತುದಿಯ ಕೀಲು). ಡಿಸೆಂಬರಿನಲ್ಲಿ ಮೂರನೇ ಅಲೈನ್‌ಮೆಂಟ್, ಹಿಂದಿನ ಟೈರು ಮುಂದಕ್ಕೆ ಮುಂದಿನದು ಹಿಂದಕ್ಕೆ, ಕೊನೆಯ ಸಾಲಿನಲ್ಲಿ ‘ಸ್ಟೇರಿಂಗ್ ಬಾಕ್ಸ್ ಸರ್ವೀಸ್ – 450’. ಕಟ್ಟಕಡೆಗೆ, ಮೋಟಾರು ಕೆಟ್ಟಿದೆ, ಇಡೀ ಕಾಲಮ್ ಬದಲಿಸಬೇಕು ಎಂಬ 31,000 ರೂಪಾಯಿಯ ಅಂದಾಜು ಪಟ್ಟಿ. ಆ ಕಾಗದವನ್ನು ಮಾತ್ರ ಅವರು ಮಡಚಿ ಎಲ್ಲದರ ಅಡಿಗೆ ಇಟ್ಟಿದ್ದರು.

ಇವೆಲ್ಲದರ ಜೊತೆಗೆ ಬಿಲ್ಲಿಲ್ಲದೆ ಸಿಕ್ಕಿದ್ದು ಒಂದು ಉಪದೇಶ: “ಮೇಡಂ, ನೀವು ಸ್ಟೇರಿಂಗ್ ಒಂದೇ ಕಡೆ ಜಗ್ಗಿ ಹಿಡಿದು ಓಡಿಸ್ತೀರಿ, ಅದಕ್ಕೇ ಹಾಗೆ.” ಹನ್ನೆರಡು ವರ್ಷದಿಂದ ಚಾರ್ಮಾಡಿ ಇಳಿಯುತ್ತಿರುವವರಿಗೆ ಹೇಳಿದ ಮಾತು ಇದು. ಗಂಡಸೊಬ್ಬ ಇದೇ ದೂರು ತಂದಿದ್ದರೆ ಈ ಮಾತು ಬರುತ್ತಿರಲಿಲ್ಲ ಎಂಬುದು ನನ್ನ ಅನುಮಾನವಲ್ಲ, ಕಂಡ ಸತ್ಯ.

ಮೊದಲ ದಿನ, ಮೊದಲ ತಪ್ಪು

ಟೀಚರ್ ಗಾಡಿ ಬಿಟ್ಟು ಬಸ್ಸಿಗೆ ಹೋದರು. ನಾನು ‘ಪುಲ್ಲಿಂಗ್’ ಎಂಬ ಪದವನ್ನು ಹಿಡಿದು ಹೊರಟೆ. ಒಂದು ಕಡೆಗೆ ಎಳೆಯುವ ಗಾಡಿಗೆ ನಮ್ಮ ಕೈ ತಾನಾಗಿ ನಡೆಯುವ ದಾರಿ ಒಂದಿದೆ. ನಾಲ್ಕೂ ಟೈರಿನ ಗಾಳಿ ನೋಡಿದೆ, 33 ಇತ್ತು, ಸರಿಯಾಗಿತ್ತು. ಗೇಟಿನಿಂದ ಎಡಕ್ಕೆ ತಿರುಗಿ ನೇರ ರಸ್ತೆಗೆ ಬಿದ್ದೆ. ಐವತ್ತು ಅರವತ್ತರ ವೇಗದಲ್ಲಿ ಕೈ ಸಡಿಲಿಸಿದರೆ ಗಾಡಿ ಎಡಕ್ಕೆ ಜಾರುತ್ತಿತ್ತು. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ. ಎಡಗಡೆ ಓಡುವ ಗಾಡಿ ತುಸು ಎಡಕ್ಕೆ ವಾಲುವುದು ಸಹಜ. ಆದರೆ ಇದು ಅಷ್ಟೇ ಅಲ್ಲ, ಸ್ಟೇರಿಂಗನ್ನು ಯಾರೋ ಬೆರಳಲ್ಲಿ ತಳ್ಳಿದಂತೆ ಇತ್ತು. ವಾಪಸು ಬಂದು ಚಕ್ರದ ಡಿಸ್ಕಿನ ಹತ್ತಿರ ಕೈ ಹಿಡಿದು ನೋಡಿದೆ. ಎರಡೂ ಕಡೆ ಒಂದೇ ಬಿಸಿ. ಅಂದರೆ ಯಾವ ಬ್ರೇಕೂ ಹಿಡಿದುಕೊಂಡಿಲ್ಲ.

ಮುಂದಿನ ಹೆಜ್ಜೆ, ಮುಂದಿನ ಎರಡು ಟೈರುಗಳ ಅದಲುಬದಲು. ಟೈರಿನ ಒಳಗಿನ ಉಕ್ಕಿನ ಪಟ್ಟಿ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಕೂತಿದ್ದರೂ ಟೈರು ಒಂದು ಕಡೆಗೆ ಹೊರಳಲು ನೋಡುತ್ತದೆ. ಬಾಯಿ ಅಗಲ, ತಳ ಸಣ್ಣ ಇರುವ ಕಾಫಿ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ, ನೇರ ಹೋಗದೆ ಬಾಗಿ ಸುತ್ತುತ್ತದೆ. ಅದೇ ಗುಣ. ಎಡದ ಟೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದಾಗ ಎಳೆತದ ದಿಕ್ಕೂ ಬದಲಾದರೆ ಕಳ್ಳ ಟೈರೇ ಎಂದು ತೀರ್ಮಾನ. ನೂರಕ್ಕೆ ನೂರು ನಂಬಬಹುದಾದ ಪರೀಕ್ಷೆ ಎಂದು ನಾನೇ ಎಷ್ಟೋ ಹುಡುಗರಿಗೆ ಹೇಳಿಕೊಟ್ಟಿದ್ದೆ.

ಬದಲಿಸಿ ಹೊರಟೆ. ಗೇಟಿನ ಎಡಗಡೆ ಜಲ್ಲಿ ಲಾರಿಯೊಂದು ಅಡ್ಡ ನಿಂತಿತ್ತು. ಹಾಗಾಗಿ ಬಲಕ್ಕೆ ತಿರುಗಿ ಇನ್ನೊಂದು ದಿಕ್ಕಿಗೆ ಹೋದೆ. ಗಾಡಿ ಬಲಕ್ಕೆ ಎಳೆಯಿತು! ಎಷ್ಟು ಖುಷಿಯಾಯಿತೆಂದರೆ ದಾರಿಯಲ್ಲೇ ಟೀಚರಿಗೆ ಫೋನ್ ಮಾಡುವುದೊಂದು ಬಾಕಿ. ಗ್ಯಾರೇಜಿಗೆ ಬಂದು ಮಾಡಿದೆ.

“ಟೀಚರ್, ಸಿಕ್ತು. ಮುಂದಿನ ಎರಡು ಟೈರು ಹೊಸದು ಹಾಕ್ಬೇಕು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಬಲಕ್ಕೆ ಎಳೀತು ಅಂತ ಅಲ್ವಾ ನೀವು ಹೇಳೋದು? ಟೈರ್ ಬದಲಾಯ್ಸೋ ಮುಂಚೆನೂ ಅದು ಬಲಕ್ಕೆ ಎಳೀತಿತ್ತಲ್ಲ ಅಣ್ಣಾ. ಎಡಕ್ಕೆ ತಿರುಗ್ಸಿ ಬಂದ್ರೆ ಎಡಕ್ಕೆ, ಬಲಕ್ಕೆ ತಿರುಗ್ಸಿ ಬಂದ್ರೆ ಬಲಕ್ಕೆ. ಅದಕ್ಕೆ ಹಿಂದಿನ ತಿರುವು ಮರೆಯೋಕೇ ಆಗಲ್ಲ. ನಿಮ್ಮ ಹುಡುಗಂಗೆ ಇಷ್ಟೂ ಬಿಡಿಸಿ ಹೇಳಿದ್ದೆ. ಅವ್ನು ಪುಲ್ಲಿಂಗ ಅಂತ ಬರ್ಕೊಂಡ.”

ನಾನು ಫೋನು ಕಿವಿಗಿಟ್ಟುಕೊಂಡೇ ಗೇಟಿನ ಕಡೆ ನೋಡಿದೆ. ಮೊದಲ ಸಲ ಎಡಕ್ಕೆ ತಿರುಗಿದ್ದೆ. ಎರಡನೇ ಸಲ ಲಾರಿಯ ದೆಸೆಯಿಂದ ಬಲಕ್ಕೆ. ಟೈರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆ ಲಾರಿ ಅಲ್ಲಿ ನಿಲ್ಲದೇ ಇದ್ದಿದ್ದರೆ ಟೈರು ತಪ್ಪಿತಸ್ಥನಲ್ಲ ಎಂದು ಗೊತ್ತಾಗುತ್ತಿತ್ತು. ಟೀಚರ್ ಸುಮ್ಮನಿದ್ದಿದ್ದರೆ ಅವರ ತಲೆಗೆ ಎರಡು ಟೈರು ಕಟ್ಟಿ ಕಳಿಸುತ್ತಿದ್ದೆ.

ಎಳೆಯುವುದು ಎಂದರೆ ಯಾವಾಗ?

ಬರೀ ‘ಎಳೆಯುತ್ತದೆ’ ಎಂಬುದು ಹೊಟ್ಟೆನೋವು ಎಂದ ಹಾಗೆ. ಬ್ರೇಕ್ ತುಳಿದಾಗ ಮಾತ್ರ ಎಳೆದರೆ ಒಂದು ಕಡೆಯ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಜಾಮಾಗಿರಬಹುದು, ಇಲ್ಲವೇ ಬ್ರೇಕ್ ಹೋಸು ಒಳಗೇ ಊದಿಕೊಂಡು ಎಣ್ಣೆ ತಡೆಯುತ್ತಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಎಳೆದರೆ ಎಂಜಿನ್ ಮೌಂಟು, ಲೋವರ್ ಆರ್ಮ್ ಬುಷ್ಷು ನೋಡಬೇಕು. ಎಡ-ಬಲದ ಡ್ರೈವ್ ಶಾಫ್ಟುಗಳ ಉದ್ದ ಬೇರೆ ಬೇರೆ ಇರುವ ಗಾಡಿಗಳಲ್ಲಿ ಜೋರಾಗಿ ತುಳಿದಾಗ ಅಷ್ಟಿಷ್ಟು ಎಳೆತ ಹುಟ್ಟುಗುಣವೇ. ಸದಾಕಾಲ ಒಂದೇ ಕಡೆಗೆ ಎಳೆದರೆ ಟೈರು, ಕ್ಯಾಂಬರ್ (ಎದುರಿನಿಂದ ನೋಡಿದಾಗ ಕಾಣುವ ಚಕ್ರದ ಓರೆ), ಕ್ಯಾಸ್ಟರ್ (ಇದನ್ನು ಮುಂದೆ ಹೇಳುತ್ತೇನೆ). ಎಂಬತ್ತು ದಾಟಿದ ಮೇಲೆ ಕೈ ನಡುಗಿಸಿದರೆ ಅದು ಎಳೆತವೇ ಅಲ್ಲ, ಚಕ್ರದ ಬ್ಯಾಲೆನ್ಸಿಂಗು. ಇದನ್ನೂ ಜನ ‘ಸ್ಟೇರಿಂಗ್ ಪ್ರಾಬ್ಲಮ್’ ಎಂದೇ ತರುತ್ತಾರೆ.

ಟೀಚರ್ ಹೇಳಿದ್ದು ಈ ಯಾವ ಗುಂಪಿಗೂ ಸೇರದ್ದು. ಕೊನೆಗೆ ಯಾವ ಕಡೆ ತಿರುಗಿದ್ದೆವೋ ಆ ಕಡೆಗೇ ಎಳೆಯುವುದು. ನಮ್ಮ ಕಸುಬಿನಲ್ಲಿ ಇದಕ್ಕೆ ಮೆಮೊರಿ ಸ್ಟೀರ್ ಎಂಬ ಹೆಸರೇ ಇದೆ. ಇದು ಅಳತೆಯ ದೋಷವಲ್ಲ, ಎಲ್ಲೋ ಏನೋ ತಿರುಗಬೇಕಾದದ್ದು ತಿರುಗದೆ ಹಿಡಿದುಕೊಂಡಿದೆ ಎಂದು ಅರ್ಥ. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹೋಗುವುದಿಲ್ಲ.

ಅಷ್ಟು ಹೊತ್ತಿಗೆ ಆ ಮೂರು ಅಲೈನ್‌ಮೆಂಟ್ ಹಾಳೆಗಳು ಮಾತಾಡತೊಡಗಿದವು. ಮೊದಲು ನೋಡಿದಾಗ ಎಲ್ಲವೂ ಹಸಿರು ಬಣ್ಣದಲ್ಲಿವೆ ಎಂದು ಪಕ್ಕಕ್ಕಿಟ್ಟಿದ್ದೆ. ಈಗ ಸಾಲಾಗಿ ಹರಡಿ ನೋಡಿದರೆ, ಮೂರರಲ್ಲೂ ಕೆಲಸಕ್ಕೆ ಮುಂಚಿನ ಒಟ್ಟು ಟೋ, ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಹೆಚ್ಚುಕಡಿಮೆ ಒಂದೇ. ಅಂದರೆ ಮುಂದಿನ ಎರಡು ಚಕ್ರ ಒಂದಕ್ಕೊಂದು ಸರಿಯಾಗೇ ನಿಂತಿದ್ದವು. ಬದಲಾಗುತ್ತಿದ್ದದ್ದು ಎಡಕ್ಕೆಷ್ಟು ಬಲಕ್ಕೆಷ್ಟು ಎಂಬ ಹಂಚಿಕೆ ಮಾತ್ರ. ಅಕ್ಟೋಬರಿನವರು ಸರಿ ಮಾಡಿದ್ದನ್ನು ನವೆಂಬರಿನವರು ಒಂದು ಕಡೆ ಸರಿಸಿದ್ದಾರೆ, ಡಿಸೆಂಬರಿನವರು ಇನ್ನೊಂದು ಕಡೆ. ಏನಾಗಿರಬೇಕೆಂದರೆ, ಪ್ರತಿಯೊಬ್ಬರೂ ರೋಡ್ ಟೆಸ್ಟಿಗೆ ಹೋಗಿದ್ದಾರೆ, ಕೊನೆಯ ತಿರುವಿನ ಕಡೆಗೆ ಸ್ಟೇರಿಂಗ್ ಓರೆಯಾಗಿ ನಿಂತಿದ್ದನ್ನು ಕಂಡಿದ್ದಾರೆ, ಬಂದು ಎರಡೂ ಟೈ ರಾಡುಗಳನ್ನು ಸಮವಾಗಿ ತಿರುಗಿಸಿ ಅದನ್ನು ನೇರ ಮಾಡಿದ್ದಾರೆ. ಅವರವರ ಗೇಟು ಯಾವ ಕಡೆಗಿತ್ತೋ ಹಾಗೆ!

ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಕ್ಯಾಸ್ಟರ್ ಎಂಬ ಕೋನದಿಂದ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಓರೆಯಾಗಿರುತ್ತದಲ್ಲ, ಅದೇ. ಸೀಟು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿದರೆ ಹ್ಯಾಂಡಲ್ ಮುಟ್ಟದಿದ್ದರೂ ನೇರ ಹೋಗುತ್ತದೆ, ಹಿಂದಕ್ಕೆ ಎಳೆದರೆ ಹ್ಯಾಂಡಲ್ ಗಕ್ಕನೆ ತಿರುಗಿ ಬೀಳುತ್ತದೆ. ಕಾರಿನಲ್ಲಿಯೂ ಚಕ್ರ ತನ್ನ ತಿರುಗುವ ಅಕ್ಷದ ಹಿಂದೆ ಎಳೆದುಕೊಂಡು ಬರುವುದರಿಂದ ನೇರಕ್ಕೆ ಮರಳಲು ನೋಡುತ್ತದೆ. ಈ ಮರಳುವ ಬಲ ದೊಡ್ಡದೇನೂ ಅಲ್ಲ. ದಾರಿಯಲ್ಲಿ ಎಲ್ಲಿ ಬಿಗಿತ ಎದುರಾದರೂ ಸೋತು ಅಲ್ಲೇ ನಿಲ್ಲುತ್ತದೆ.

ಬಿಗಿತ ಎಲ್ಲೆಲ್ಲಿ ಇರಬಹುದು? ಎಲೆಕ್ಟ್ರಿಕ್ ಮೋಟಾರಿನ ಹಲ್ಲುಗಳಲ್ಲಿ. ಕಾಲಮ್ಮಿನಿಂದ ಕೆಳಗಿಳಿಯುವ ಶಾಫ್ಟಿನ ಕ್ರಾಸಿನಲ್ಲಿ, ಅಂದರೆ ಅದು ಬಾಗುವ ಕೀಲಿನಲ್ಲಿ. ಸ್ಟೇರಿಂಗ್ ಬಾಕ್ಸು, ಅಂದರೆ ಎಡ-ಬಲಕ್ಕೆ ಸರಿದು ಚಕ್ರ ತಿರುಗಿಸುವ ಹಲ್ಲಿನ ಸರಳಾದ ರ‍್ಯಾಕಿನಲ್ಲಿ. ಟೈ ರಾಡ್ ಎಂಡಿನಲ್ಲಿ, ಕೆಳಗಿನ ಬಾಲ್ ಜಾಯಿಂಟಿನಲ್ಲಿ, ಸ್ಟ್ರಟ್ಟಿನ (ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಕೂಡಿದ ಕಂಬದ) ತಲೆಯ ಮೇಲಿನ ಬೇರಿಂಗಿನಲ್ಲಿ. ಇವುಗಳಲ್ಲಿ ಅತಿ ದುಬಾರಿಯಾದದ್ದನ್ನೇ ಹಿಂದಿನವರು ಮೊದಲು ಬರೆದುಕೊಟ್ಟಿದ್ದರು. ಅದನ್ನೇ ಮೊದಲು ಕೈಬಿಡೋಣ ಎಂದುಕೊಂಡೆ.

ಅಂಗಳದಲ್ಲೇ ಗಾಡಿ ನಿಲ್ಲಿಸಿ ಪವರ್ ಸ್ಟೇರಿಂಗಿನ ಫ್ಯೂಸು ಕಿತ್ತೆ. ಇದನ್ನು ರಸ್ತೆಯಲ್ಲಿ ಮಾಡುವ ಹಾಗಿಲ್ಲ, ಸ್ಟೇರಿಂಗ್ ಕಲ್ಲಾಗುತ್ತದೆ. ಮೆಲ್ಲಗೆ ಅಂಗಳದಲ್ಲೇ ಸುತ್ತು ಹೊಡೆದೆ. ಭಾರವೇನೋ ಬಂತು. ಆದರೆ ಎಡಕ್ಕೆ ಸುತ್ತಿದ ಮೇಲೆ ಎಡಕ್ಕೇ ನಿಲ್ಲುವ ಗುಣ ಹಾಗೇ ಇತ್ತು. ಮೋಟಾರಿಗೆ ಕರೆಂಟೇ ಇಲ್ಲದಾಗಲೂ ರೋಗ ಇದ್ದರೆ ಮೋಟಾರು ತಳ್ಳುತ್ತಿದೆ ಎನ್ನುವ ಮಾತು ಬಿತ್ತು. ಮೋಟಾರಿನ ಹಲ್ಲೇ ಸಿಕ್ಕಿಕೊಂಡಿದ್ದರೆ ಈ ಪರೀಕ್ಷೆಗೆ ಅದು ಸಿಗುವುದಿಲ್ಲ ಎಂಬುದೂ ನಿಜ. ಅದನ್ನು ಕಡೆಗೆ ಇಟ್ಟುಕೊಂಡೆ. ಕ್ರಾಸ್ ಜಾಮಾಗಿದ್ದರೆ ಸ್ಟೇರಿಂಗಿನ ಒಂದು ಪೂರ್ತಿ ಸುತ್ತಿಗೆ ಎರಡು ಸಲ ಬಿಗಿ, ಎರಡು ಸಲ ಸಡಿಲ ಎಂಬ ಲಯ ಕೈಗೆ ಸಿಗುತ್ತದೆ. ಇಲ್ಲಿ ಅದಿರಲಿಲ್ಲ.

ಆಮೇಲೆ ಮುಂಭಾಗ ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಗಾಳಿಯಲ್ಲಿಟ್ಟು ತಿರುಗಿಸಿದೆ. ಬಹುಮಟ್ಟಿಗೆ ಸಲೀಸು. ಟಾಮಿ ಹಾಕಿ ಬಾಲ್ ಜಾಯಿಂಟ್ ಮೀಟಿ ನೋಡಿದೆ, ಆಟ ಇಲ್ಲ. ಹಿಂದಿನ ಮೂವರೂ ಇಲ್ಲಿಗೇ ಬಂದು ‘ಕೆಳಗಡೆ ಏನೂ ಇಲ್ಲ’ ಎಂದಿರಬೇಕು. ಗಾಡಿಯನ್ನು ಎತ್ತಿದ ಕೂಡಲೇ ಮರೆಯಾಗುವ ರೋಗಗಳಿವೆ. ಮೇಲಿನ ಬೇರಿಂಗಿನದು ಅಂಥದ್ದು. ಗಾಡಿ ನೆಲದ ಮೇಲಿದ್ದಾಗ ಮುಂಭಾಗದ ಭಾರವೆಲ್ಲ ಅದರ ತಲೆಯ ಮೇಲೆ, ಎತ್ತಿದಾಗ ಅದರ ಪಾಲಿಗೆ ಸ್ಪ್ರಿಂಗಿನ ಅಳಿದುಳಿದ ಒತ್ತಡ ಮಾತ್ರ. ಸಂತೆಯಲ್ಲಿ ಮೂಟೆ ಹೊತ್ತವನ ಮಂಡಿನೋವನ್ನು ಅವನನ್ನು ಮಂಚದ ಮೇಲೆ ಮಲಗಿಸಿ ಪತ್ತೆ ಮಾಡಲು ಹೊರಟ ಹಾಗೆ.

ಸೀಮೆಸುಣ್ಣದ ಎರಡು ಗೆರೆ

ಮಾರನೇ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಟೀಚರ್ ಬಸ್ಸಿನಲ್ಲಿ ಬಂದರು. ಅವರೇ ಸ್ಟೇರಿಂಗ್ ಹಿಡಿದು ಕೂರಲಿ ಎಂದು ನಾನು ಕೇಳಿಕೊಂಡಿದ್ದೆ. ಆ ಸ್ಟೇರಿಂಗ್ ಬಗ್ಗೆ ನನಗಿಂತ ಅವರ ಕೈಗೆ ಹೆಚ್ಚು ಗೊತ್ತಿತ್ತು.

ಇಲ್ಲಿ ಸ್ಟ್ರಟ್ಟಿನ ವಿಚಾರ ಒಂದಿಷ್ಟು ಹೇಳಬೇಕು. ಈಗಿನ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಸೇರಿ ಒಂದೇ ಕಂಬವಾಗಿರುತ್ತವೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಏರ್ಪಾಡು ಇದು. ಅಗ್ಗ, ಜಾಗವೂ ಕಡಿಮೆ ಸಾಕು, ಎಂಜಿನ್ನನ್ನು ಅಡ್ಡಡ್ಡ ಕೂರಿಸಲು ಅನುಕೂಲ. ಇದರಲ್ಲಿ ಒಂದು ವಿಶೇಷ: ನೀವು ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ಇಡೀ ಕಂಬವೂ ಸ್ಪ್ರಿಂಗೂ ತಿರುಗಬೇಕು. ಮೇಲ್ತುದಿ ಬಾಡಿಗೆ ಬೋಲ್ಟು ಹಾಕಿ ಬಿಗಿದ ರಬ್ಬರ್ ಮೌಂಟಿನಲ್ಲಿರುತ್ತದೆ, ಅದು ತಿರುಗುವುದಿಲ್ಲ. ತಿರುಗುವುದಕ್ಕೂ ತಿರುಗದಿರುವುದಕ್ಕೂ ನಡುವೆ ಚಪ್ಪಟೆ ಬೇರಿಂಗೊಂದು ಕೂತಿರುತ್ತದೆ. ಅದು ಹಿಡಿದುಕೊಂಡರೆ ಸ್ಪ್ರಿಂಗಿನ ಕೆಳತುದಿ ಚಕ್ರದ ಜೊತೆ ತಿರುಗುತ್ತದೆ, ಮೇಲ್ತುದಿ ಅಲ್ಲೇ ನಿಲ್ಲುತ್ತದೆ. ಕೀಲಿ ಕೊಟ್ಟ ಆಟಿಕೆಯ ಹಾಗೆ ಸ್ಪ್ರಿಂಗು ಮುರಿಗೆ ಬೀಳುತ್ತದೆ.

ಸ್ಪ್ರಿಂಗಿನ ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಒಂದೇ ನೇರದಲ್ಲಿ ಗುರುತು ಹಾಕಬೇಕಿತ್ತು. ಮಾರ್ಕರ್ ಹುಡುಕುತ್ತಿದ್ದೆ. ಟೀಚರ್ ಬ್ಯಾಗಿಗೆ ಕೈ ಹಾಕಿ ಅರ್ಧ ಸವೆದ ಸೀಮೆಸುಣ್ಣ ಕೊಟ್ಟರು. ಎರಡು ಗೆರೆ ಎಳೆದೆ. ಗಾಡಿ ನೆಲದ ಮೇಲೇ ಇತ್ತು, ಎಂಜಿನ್ ಚಾಲೂ, ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದೆವು. ಸ್ಪ್ರಿಂಗಿನ ಹೊರಮೈಗೆ ಬೆರಳ ತುದಿ ತಾಗಿಸಿದೆ. ಸುರುಳಿಗಳ ನಡುವೆ ಬೆರಳು ತೂರಿಸಿದರೆ ಬೆರಳು ಹೋಗುತ್ತದೆ, ಮನೆಯಲ್ಲಿ ಮಾಡಿ ನೋಡುವವರಿಗೆ ಇದೊಂದು ಮಾತು.

“ಟೀಚರ್, ನಿಧಾನಕ್ಕೆ ಎಡಕ್ಕೆ ತಿರುಗ್ಸಿ.”

ಕೆಳಗಿನ ಗೆರೆ ಹೊರಟಿತು. ಮೇಲಿನದು ನಿಂತಲ್ಲೇ ನಿಂತಿತ್ತು. ಎರಡು ಗೆರೆಗಳ ನಡುವೆ ಮೂರು ಬೆರಳಿನಷ್ಟು ಅಂತರ. ಬೆರಳ ತುದಿಗೆ ಸ್ಪ್ರಿಂಗು ಬಿಗಿಯುತ್ತಿರುವುದು ಗೊತ್ತಾಗುತ್ತಿತ್ತು. ಇನ್ನೂ ತಿರುಗಿಸಿದರು. ‘ಟಂಗ್’ ಎಂದು ಮೇಲಿನ ತಟ್ಟೆ ಒಮ್ಮೆಗೇ ಹಾರಿ ಅರ್ಧ ದಾರಿ ಬಂತು.

“ಇದೇ ಶಬ್ದ!” ಎಂದರು ಒಳಗಿನಿಂದ. “ಗೇಟ್ ಹತ್ರ ತಿರುಗಿಸುವಾಗ ದಿನಾ ಬರ್ತದೆ.”

ಈಗ ನೇರಕ್ಕೆ ತರಲು ಹೇಳಿದೆ. ಚಕ್ರ ನೇರವಾಯಿತು. ಮೇಲಿನ ತಟ್ಟೆ ಮಾತ್ರ ಎಡಕ್ಕೆ ಹಾರಿದ್ದು ಅಲ್ಲೇ ಕಚ್ಚಿಕೊಂಡಿತ್ತು. ಮುರಿಗೆ ಬಿದ್ದ ಸ್ಪ್ರಿಂಗು ಚಕ್ರವನ್ನು ತನ್ನ ಕಡೆಗೆ, ಅಂದರೆ ಎಡಕ್ಕೆ ಜಗ್ಗುತ್ತಿತ್ತು. ಬಲಕ್ಕೆ ತಿರುಗಿಸಿ ತಂದಾಗ ಬಲಕ್ಕೆ. ಟೀಚರ್ ನಾಲ್ಕು ತಿಂಗಳಿಂದ ಹೇಳುತ್ತಿದ್ದ ವಾಕ್ಯವನ್ನು ಎರಡು ಸೀಮೆಸುಣ್ಣದ ಗೆರೆ ಬಿಡಿಸಿ ತೋರಿಸಿದವು. ಇಳಿದು ಬಂದು ಅವರೂ ನೋಡಿದರು, ನಾನು ತಿರುಗಿಸಿದೆ. ಬಲಗಡೆ ಸ್ಟ್ರಟ್ಟಿಗೂ ಗೆರೆ ಹಾಕಿದೆವು. ಅಲ್ಲೂ ಇತ್ತು, ಆದರೆ ಒಂದು ಬೆರಳಿನಷ್ಟು.

ಸಿಲ್ವರ್ ಓಕ್ ಎಲೆಗಳು

ಬಾನೆಟ್ ತೆಗೆದು ಎಡಗಡೆ ಸ್ಟ್ರಟ್ಟಿನ ತಲೆ ನೋಡಿದರೆ ಅಲ್ಲಿರಬೇಕಾದ ರಬ್ಬರ್ ಮುಚ್ಚಳ ಇಲ್ಲ. ಮೇ ತಿಂಗಳಲ್ಲಿ ಶಾಕ್ ಬದಲಿಸಿದವರು ಮತ್ತೆ ಹಾಕಿಲ್ಲ. ಬರೀ ಇಷ್ಟೇ ಆಗಿದ್ದರೆ ಒಂದು ಮಳೆಗಾಲದಲ್ಲಿ ಈ ಗತಿ ಬರುತ್ತಿರಲಿಲ್ಲ ಅನಿಸಿತು. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಎತ್ತಿದೆ. ಗಾಜಿನ ಮೇಲಿಂದ ಇಳಿದ ಮಳೆನೀರು ಪಕ್ಕಕ್ಕೆ ಹರಿದುಹೋಗುವ ಕಾಲುವೆ ಅಲ್ಲಿರುತ್ತದೆ. ಅದರ ಎಡಗಡೆ ಕಂಡಿಯಲ್ಲಿ ಗುಬ್ಬಿಗೂಡಿನ ಹಾಗೆ ಕೊಳೆತ ಎಲೆಯ ಉಂಡೆ.

“ಸಿಲ್ವರ್ ಓಕ್,” ಎಂದರು ಟೀಚರ್. “ಮನೆ ಮುಂದೆ ಅದರಡಿನೇ ನಿಲ್ಸೋದು.”

ಕಾಫಿ ತೋಟಕ್ಕೆ ನೆರಳು ಕೊಡುವ ಮರ, ಅದರಡಿಯ ಕಾರಿನ ಕಂಡಿ ಕಟ್ಟಿತ್ತು. ಕಂಡಿ ಕಟ್ಟಿದ್ದರಿಂದ ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮಳೆಯೆಲ್ಲ ತುಂಬಿ, ಉಕ್ಕಿ, ಮುಚ್ಚಳವಿಲ್ಲದ ಸ್ಟ್ರಟ್ಟಿನ ತಲೆಯ ಮೇಲೆ ಸುರಿದಿದೆ. ಎಡದ ಬೇರಿಂಗ್ ಬಲದ್ದಕ್ಕಿಂತ ಯಾಕೆ ಹೆಚ್ಚು ಕೆಟ್ಟಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು. ಬೇರಿಂಗ್ ಬದಲಿಸಿ ಈ ಎಲೆಯನ್ನು ಹಾಗೇ ಬಿಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಟೀಚರ್ ಮತ್ತೆ ಬರುತ್ತಿದ್ದರು.

ಸ್ಟ್ರಟ್ ಇಳಿಸಿ ಬಿಚ್ಚಿದೆವು. ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಒತ್ತಿ ಹಿಡಿಯದೆ ಮೇಲಿನ ನಟ್ಟಿಗೆ ಕೈ ಹಚ್ಚುವ ಮಾತೇ ಇಲ್ಲ, ಅದು ಹಾರಿದರೆ ದವಡೆ ಉಳಿಯುವುದಿಲ್ಲ. ಎಡದ ಬೇರಿಂಗಿನೊಳಗೆ ಗ್ರೀಸ್ ಇರಬೇಕಾದ ಕಡೆ ಕೆಂಪು ಕೆಸರು, ತುಕ್ಕು ಹಿಡಿದ ಗುಂಡುಗಳು, ಮುರಿದ ಪ್ಲಾಸ್ಟಿಕ್ ಗೂಡು. ಎರಡು ಕೈಯಲ್ಲಿ ಹಿಡಿದು ತಿರುಚಿದರೂ ಅಲುಗಲಿಲ್ಲ. ಬಲದ್ದು ಗರಗರ ಎನ್ನುತ್ತ ತಿರುಗುತ್ತಿತ್ತು.

ಮೇ ತಿಂಗಳ ಬಿಲ್ಲಿನಲ್ಲಿ ಶಾಕ್ ಎರಡು ಎಂದಷ್ಟೇ ಇದೆ, ಮೌಂಟಾಗಲೀ ಬೇರಿಂಗಾಗಲೀ ಇಲ್ಲ. ಹಳೆಯದನ್ನೇ ಹಾಕಿದ್ದಾರೆ. ಇದಕ್ಕೆ ಅವರನ್ನೇ ಪೂರ್ತಿ ದೂರಲು ನನಗೆ ಬಾಯಿಲ್ಲ. ಮೌಂಟು ಬೇರಿಂಗು ಸೇರಿಸಿ ಬಿಲ್ಲು ಹೇಳಿದಾಗ ‘ಶಾಕ್ ಮಾತ್ರ ಸಾಕು’ ಎನ್ನುವ ಗಿರಾಕಿಗಳು ನಮಗೂ ಬರುತ್ತಾರೆ. ಆದರೆ ಕೈಯಲ್ಲಿರುವ ಬೇರಿಂಗನ್ನು ಒಮ್ಮೆ ತಿರುಗಿಸಿ ನೋಡುವುದಕ್ಕೆ ಕಾಸು ಬೇಕಿಲ್ಲ. ಮುಚ್ಚಳ ಹಾಕುವುದಕ್ಕಂತೂ ಬೇಡವೇ ಬೇಡ.

ಎರಡೂ ಕಡೆ ಮೌಂಟು, ಬೇರಿಂಗು ಹೊಸದು ಹಾಕಿದೆವು. ಬೇರಿಂಗಿಗೆ ಮೇಲುಮುಖ ಕೆಳಮುಖ ಎಂದಿದೆ, ತಲೆಕೆಳಗಾಗಿ ಕೂರಿಸಿದರೆ ಹೊಸದೇ ಹಳೆಯದರ ಹಾಗೆ ಹಿಡಿದುಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಚಕ್ರ ಹಾಕಿ ರಸ್ತೆಗೆ ಹೊರಟೆ, ಗೆದ್ದೆ ಎಂದುಕೊಂಡೇ.

450 ರೂಪಾಯಿಯ ಸಾಲು

ಎಳೆತ ಹೋಗಿತ್ತು. ಎಡಕ್ಕೆ ಸುತ್ತಿ ಬಂದರೂ ಬಲಕ್ಕೆ ಸುತ್ತಿ ಬಂದರೂ ಗಾಡಿ ಯಾವ ಕಡೆಗೂ ಹಟ ಮಾಡುತ್ತಿರಲಿಲ್ಲ. ಆದರೆ ಇಪ್ಪತ್ತರ ವೇಗದಲ್ಲಿ ತಿರುಗಿಸಿ ಕೈ ಬಿಟ್ಟರೆ ಸ್ಟೇರಿಂಗ್ ಅರ್ಧಕ್ಕೆ ಬಂದು ಸೋಮಾರಿಯ ಹಾಗೆ ಕೂತುಬಿಡುತ್ತಿತ್ತು. ಎರಡೂ ದಿಕ್ಕಿನಲ್ಲಿ ಒಂದೇ ತರ. ಹಿಂದಿನ ತಿರುವಿನ ನೆನಪು ಅಳಿಸಿದೆ, ನೇರ ಯಾವುದೆಂಬ ನೆನಪು ಮಾತ್ರ ಇನ್ನೂ ಬಂದಿಲ್ಲ.

ಆಗ ಬಿಲ್ಲಿನ ಆ ಕೊನೆಯ ಸಾಲು ನೆನಪಾಯಿತು. ಟೀಚರಿಗೆ ಫೋನ್ ಹಚ್ಚಿ ಕೇಳಿದೆ. “ಟಂಗ್ ಅಂತ ಶಬ್ದ ಬರ್ತದೆ ಅಂದಿದ್ದೆ. ಬಾಕ್ಸ್ ಲೂಸಾಗಿದೆ, ಟೈಟ್ ಮಾಡಿದೀವಿ ಅಂದ್ರು,” ಎಂದರು.

ಟೈ ರಾಡ್ ಎಂಡುಗಳನ್ನು ಎರಡೂ ಕಡೆ ಬಿಚ್ಚಿದೆ. ಈಗ ಚಕ್ರಗಳನ್ನು ಬರಿಗೈಯಲ್ಲಿ ತಿರುಗಿಸಿದರೆ ಬೆಣ್ಣೆ. ಕಾಲಮ್ಮಿನ ಶಾಫ್ಟನ್ನು ರ‍್ಯಾಕಿನಿಂದ ಬಿಡಿಸಿದೆ. ಮೇಲಿನ ಕಾಲಮ್ಮೂ ಸಲೀಸಾಗಿ ತಿರುಗಿತು, ಹಾಗಾಗಿ ಕಡೆಗೆ ಇಟ್ಟುಕೊಂಡಿದ್ದ ಮೋಟಾರಿನ ಹಲ್ಲಿನ ಅನುಮಾನವೂ ತೀರಿತು. ಉಳಿದದ್ದು ರ‍್ಯಾಕ್ ಒಂದೇ. ಅದು ಮಾತ್ರ ಬಿಗಿ, ನಡುವೆ ಒಂದಿಷ್ಟು, ಎರಡು ತುದಿಗೆ ಹೋದಂತೆ ಇನ್ನಷ್ಟು.

ರ‍್ಯಾಕಿನ ಹೊಟ್ಟೆಯಲ್ಲಿ ಅಡ್ಜಸ್ಟಿಂಗ್ ನಟ್ಟೊಂದಿದೆ. ಒಳಗಿನ ಸ್ಪ್ರಿಂಗಿನ ಮೂಲಕ ರ‍್ಯಾಕಿನ ಹಲ್ಲುಗಳನ್ನು ಪಿನಿಯನ್ನಿಗೆ, ಅಂದರೆ ಶಾಫ್ಟಿನ ತುದಿಯ ಹಲ್ಲಿನ ಗಾಲಿಗೆ, ಒತ್ತಿ ಹಿಡಿಯುವುದು ಅದರ ಕೆಲಸ. ಸಡಿಲವಾದರೆ ಹಳ್ಳದಲ್ಲಿ ಕಟಕಟ ಎನ್ನುತ್ತದೆ, ಬಿಗಿಯಾದರೆ ಸ್ಟೇರಿಂಗ್ ಮರಳುವುದಿಲ್ಲ. ನಾವು ಹೆಚ್ಚು ಓಡಿಸುವುದು ನೇರಕ್ಕೆ, ಆದ್ದರಿಂದ ಹಲ್ಲು ಸವೆಯುವುದೂ ನಡುವಿನಲ್ಲೇ. ಸವೆದ ನಡುವಿಗೆ ಸರಿಯಾಗಿ ಬಿಗಿದರೆ ಸವೆಯದ ತುದಿಗಳು ಹಿಡಿದುಕೊಳ್ಳುತ್ತವೆ. ಕನ್ನಡಿ ಹಿಡಿದು ನೋಡಿದೆ. ಕಂಪನಿಯ ಬಣ್ಣದ ಗುರುತು ಒಡೆದು ಪಕ್ಕಕ್ಕೆ ಸರಿದಿತ್ತು, ನಟ್ಟಿನ ಮೂಲೆಗಳಲ್ಲಿ ಸ್ಪ್ಯಾನರಿನ ಹೊಸ ಹೊಳಪು. ಮೇಲೆ ಸ್ಟ್ರಟ್ಟಿನ ತಲೆಯಲ್ಲಿ ಹುಟ್ಟಿದ ಶಬ್ದಕ್ಕೆ ಕೆಳಗೆ ರ‍್ಯಾಕಿನ ಕತ್ತು ಹಿಸುಕಿದ್ದರು. ಶಬ್ದ ನಿಲ್ಲಲಿಲ್ಲ, ಎರಡನೇ ರೋಗ ಸೇರಿಕೊಂಡಿತು. ಸ್ಟೇರಿಂಗ್ ಇನ್ನಷ್ಟು ಭಾರವಾದಾಗ ಅದು ಮೋಟಾರು ಕೆಟ್ಟ ಲಕ್ಷಣವಾಗಿ ಕಂಡಿತು. 31,000ದ ಕಾಗದ ಬಂದದ್ದು ಹೀಗೆ.

ನಟ್ಟನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿಸಿ, ಅದು ಹೇಳಿದಷ್ಟು ಡಿಗ್ರಿ ಹಿಂದಕ್ಕೆ ಬಿಟ್ಟು ಲಾಕ್ ಮಾಡಿದೆ. ಈ ತುದಿಯಿಂದ ಆ ತುದಿಗೆ ಹತ್ತು ಸಲ ಆಡಿಸಿದೆ, ಎಲ್ಲೂ ಹಿಡಿಯಲಿಲ್ಲ. ಅಂದಾಜಿನಲ್ಲಿ ಮಾಡುವ ಕೆಲಸವಲ್ಲ ಇದು. ಅಂದಾಜಿನಲ್ಲಿ ಮಾಡಿದ್ದರ ಫಲವೇ ಎದುರಿಗಿತ್ತು.

ಸೋಮವಾರ ನಾಲ್ಕನೆಯ, ಕೊನೆಯ ಅಲೈನ್‌ಮೆಂಟ್. ಸ್ಟ್ರಟ್ ಇಳಿಸಿದ ಮೇಲೆ ಕ್ಯಾಂಬರ್ ಕದಲಿರುತ್ತದೆ, ಮಾಡಿಸಲೇಬೇಕು. ಸ್ಟೇರಿಂಗನ್ನು ನೇರಕ್ಕೆ ಹಿಡಿಕೆ ಹಾಕಿ ನಿಲ್ಲಿಸಿ, ಮೂರು ಗೇಟುಗಳ ಲೆಕ್ಕದಲ್ಲಿ ಆಚೀಚೆ ಓಡಾಡಿದ್ದ ಟೈ ರಾಡುಗಳನ್ನು ಎರಡೂ ಕಡೆ ಸಮಕ್ಕೆ ತಂದೆವು. ಸ್ಕ್ಯಾನರ್ ಹಾಕಿ, ಫ್ಯೂಸು ಕಿತ್ತಾಗ ಉಳಿದಿದ್ದ ಕೋಡ್ ಅಳಿಸಿ, ಸ್ಟೇರಿಂಗಿನ ನೇರ ಸ್ಥಾನವನ್ನು ಕಂಪ್ಯೂಟರಿಗೆ ಹೊಸದಾಗಿ ಹೇಳಿಕೊಟ್ಟೆವು. ಟೈರುಗಳನ್ನು ಅವವುಗಳ ಜಾಗಕ್ಕೆ ಹಾಕಿದೆ. ಹಾಕುವಾಗ ಸ್ವಲ್ಪ ನಾಚಿಕೆಯಾಯಿತು.

ಕೊನೆಯ ಪರೀಕ್ಷೆಗೆ ಊರಾಚೆ ಇನ್ನೂ ಮನೆ ಏಳದ ಬಡಾವಣೆಯೊಂದರ ಅಗಲ ರಸ್ತೆಗೆ ಹೋದೆ. ಬಲಕ್ಕೆ ಎರಡು ಪೂರ್ತಿ ಸುತ್ತು, ನೇರ. ಎಡಕ್ಕೆ ಎರಡು ಪೂರ್ತಿ ಸುತ್ತು, ನೇರ. ಅದೇ ರಸ್ತೆಯಲ್ಲಿ ತಿರುಗಿ ಬರುವಾಗ ಮತ್ತೆ ಅದೇ, ರಸ್ತೆಯ ಇಳಿಜಾರು ಲೆಕ್ಕದಿಂದ ಕಳೆಯಲಿ ಎಂದು. ಸ್ಟೇರಿಂಗ್ ಎರಡೂ ಸಲ ಒಂದೇ ಕಡೆ ಬಂದು ನಿಂತಿತು. ಮುಖ್ಯರಸ್ತೆಗೆ ಬಂದಾಗ ತುಸು ಎಡಕ್ಕೆ ವಾಲಿತು. ಅದು ರಸ್ತೆಯದ್ದು, ಅದನ್ನು ಟೀಚರಿಗೆ ಮೊದಲೇ ಹೇಳಿದೆ. ಹೇಳದಿದ್ದರೆ ಅದೇ ಇನ್ನೊಂದು ದೂರಾಗುತ್ತದೆ.

ಖರ್ಚು: ಮೌಂಟು, ಬೇರಿಂಗು, ಮುಚ್ಚಳ ಸೇರಿ 2,700. ಕೂಲಿ, ಅಲೈನ್‌ಮೆಂಟ್ ಸೇರಿ 2,500. ಮೊದಲ ದಿನದ ಟೈರು ಅದಲುಬದಲಿಗೆ ದುಡ್ಡು ತಗೊಳ್ಳಲಿಲ್ಲ.

ಮೂರು ವಾರ ಬಿಟ್ಟು ಉಜಿರೆಯಿಂದ ಟೀಚರ್ ವಾಟ್ಸಾಪಿನಲ್ಲಿ ಬರೆದಿದ್ದರು: “ಘಾಟಿ ಇಳಿದೆ. ಪ್ರತಿ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ಬಂತು. ಇನ್ನೊಂದು ವಿಷಯ. ಬಲಗಡೆ ಮುಂದಿನ ಚಕ್ರದ ಹತ್ತಿರ ಟಕ್ ಅಂತದೆ. ಹಂಪ್ ಇಳಿಯುವಾಗ ಮಾತ್ರ, ಹತ್ತುವಾಗ ಇಲ್ಲ. ವೇಗ ಹತ್ತರೊಳಗೆ. ಮಳೆ ಬಂದ ದಿನ ಇರುವುದಿಲ್ಲ. ಬ್ರೇಕ್ ಒತ್ತಿಕೊಂಡು ಇಳಿದರೂ ಬರ್ತದೆ.”

ಲಿಂಕ್ ರಾಡ್ ಇರಬೇಕು, ನೋಡೋಣ. ಫೋನನ್ನು ಹುಡುಗನ ಕೈಗೆ ಕೊಟ್ಟು, ಜಾಬ್ ಕಾರ್ಡಿಗೆ ಇದನ್ನು ಒಂದಕ್ಷರ ಬಿಡದೆ ಇಳಿಸಿಕೋ ಎಂದೆ. ಜಾಗ ಸಾಲಲಿಲ್ಲ, ಹಿಂದುಗಡೆ ಬರೆದ.